ವೈರ್‌ಲೆಸ್ ಮೌಸ್: ಬಾಕ್ಸ್ ಮೇಲೆ ಬರೆಯದ ಸಂಗತಿಗಳು

ನಾವು ಮೂವರು ಒಂದೇ ರೂಮಿನವರು, ಮೂವರೂ ಇ ಅಂಡ್ ಸಿ ಎರಡನೇ ವರ್ಷ. ಒಂದನೇ ಕ್ಲಾಸಿನಿಂದ ಇಂಗ್ಲಿಷ್ ಮೀಡಿಯಂನಲ್ಲೇ ಓದಿದವರು. ಹಾಗಾಗಿ ಈ ಲೇಖನದ ಕನ್ನಡದಲ್ಲಿ ಅನ್ನದಲ್ಲಿ ಕಲ್ಲು ಸಿಕ್ಕ ಹಾಗೆ ಏನಾದ್ರೂ ಸಿಕ್ಕರೆ ಪಕ್ಕಕ್ಕಿಟ್ಟು ಓದಿ. ವಿಷಯ ವೈರ್‌ಲೆಸ್ ಮೌಸ್. "ಅದರ ಬಗ್ಗೆ ಬರೆಯೋದೇನಿದೆ, ಸ್ಟಾರ್ ರೇಟಿಂಗ್ ನೋಡಿ ಆರ್ಡರ್ ಮಾಡಿದ್ರಾಯ್ತು" ಅಂತ ನಾವೂ ಅಂದುಕೊಂಡಿದ್ವಿ. ಹಾಗೆ ಅಂದುಕೊಂಡು ಮಾಡಿದ ಒಂದು ಆರ್ಡರ್‌ನಿಂದ, ನಮಗೆ ಪರಿಚಯವೇ ಇಲ್ಲದ ಒಬ್ಬರ ಐನೂರು ರೂಪಾಯಿ ಸಿಕ್ಕಿಹಾಕಿಕೊಂಡಿತು.

ನಮ್ಮಲ್ಲೊಬ್ಬನ ಊರು ಶಿಗ್ಲಿ. ಗದಗ ಜಿಲ್ಲೆ, ಲಕ್ಷ್ಮೇಶ್ವರ ತಾಲ್ಲೂಕು. ನೇಕಾರರ ಊರು. ಅಲ್ಲಿ ಅವನ ಕಾಕಾ ಸಣ್ಣದೊಂದು ಆನ್‌ಲೈನ್ ಸೆಂಟರ್ ನಡೆಸ್ತಾರೆ. ಪಹಣಿ, ಜಾತಿ-ಆದಾಯದ ಅರ್ಜಿ, ಸ್ಕಾಲರ್‌ಶಿಪ್, ಪರೀಕ್ಷೆ ಫೀ, ಝೆರಾಕ್ಸ್, ಎಲ್ಲಾ ಅಲ್ಲೇ. ಕಾಕಾಗೆ ಒಂದು ಅಭ್ಯಾಸ ಇದೆ. ಅರ್ಜಿ ತುಂಬಿಸಿದ ಮೇಲೆ ಮಾನಿಟರನ್ನು ಗಿರಾಕಿ ಕಡೆ ತಿರುಗಿಸಿ, ಮೌಸನ್ನೂ ಕೌಂಟರ್ ಮೇಲಿಂದ ಆ ಕಡೆ ದಾಟಿಸಿ, "ಹೆಸರು, ಇನಿಷಿಯಲ್ ಎಲ್ಲಾ ಸರಿ ಐತೇನ್ ನೀವ ನೋಡ್ರಿ" ಅಂತಾರೆ. ಆಮೇಲೆ ತಪ್ಪಾಯ್ತು ಅಂತ ಯಾರೂ ಹೇಳಬಾರದು ಅನ್ನೋದು ಅವರ ಲೆಕ್ಕ. ಹಳೇ ಮೌಸಿನ ವೈರು ಆ ಕಡೆವರೆಗೆ ಸರಿಯಾಗಿ ಬರ್ತಿರಲಿಲ್ಲ. ಒಂದು ರಾತ್ರಿ ಆ ವೈರನ್ನೂ ಇಲಿ ಕಡೀತು. (ಮೌಸನ್ನು ಇಲಿ ಕಡಿದ ಜೋಕನ್ನು ನಾವು ಈಗಾಗಲೇ ಸಾಕಷ್ಟು ಸಲ ಮಾಡಿದ್ದೇವೆ.) ಹೀಗಾಗಿ ದಸರಾ ರಜೆಗೆ ಶಿಗ್ಲಿಗೆ ಹೋದಾಗ ಮೂವರೂ ದುಡ್ಡು ಹಾಕಿ ಅವರಿಗೊಂದು ವೈರ್‌ಲೆಸ್ ಮೌಸ್ ಕೊಟ್ಟೆವು. 299 ರೂಪಾಯಿ, 3200 ಡಿಪಿಐ, ಏಳು ಬಣ್ಣದ ಲೈಟು, ಚಾರ್ಜ್ ಮಾಡೋ ಬ್ಯಾಟರಿ. ಇಂಜಿನಿಯರಿಂಗ್ ಓದೋ ಹುಡುಗರು ಆರಿಸಿದ್ದು ಅಂತ ಕಾಕಾ ಬಂದವರಿಗೆಲ್ಲಾ ತೋರಿಸಿದ್ದೂ ಆಯ್ತು.

ಜನವರಿಯಲ್ಲಿ ಫೋನ್ ಬಂತು. "ತಮ್ಮಾ, ನಾ ಒಂದ ಸಲ ಒತ್ತಿದ್ರ ಇದು ಎರಡ ಸಲ ಹೊಡಿತೈತಿ." ಮಗ್ಗದ ಕೆಲಸಕ್ಕೆ ಹೋಗೋ ಒಬ್ಬ ಅಕ್ಕ ಮಗಳ ಪರೀಕ್ಷೆ ಫೀ ಕಟ್ಟೋಕೆ ಬಂದಿದ್ರಂತೆ. ಕಾಕಾ 'ಪೇ' ಬಟನ್ ಒಂದೇ ಸಲ ಒತ್ತಿದ್ದು. ಐನೂರು ರೂಪಾಯಿ ಎರಡು ಸಲ ಕಟ್ ಆಗಿತ್ತು. ಎರಡನೇ ಕ್ಲಿಕ್ಕನ್ನು ಸೈಟೇ ತಡೀಬೇಕಿತ್ತು, ನಿಜ. ಆದ್ರೆ ಆ ಎರಡನೇ ಕ್ಲಿಕ್ ಹುಟ್ಟಿದ್ದು ನಮ್ಮ ಮೌಸಿನಲ್ಲಿ. ದುಡ್ಡು ವಾಪಸ್ ಬರೋಕೆ ಹನ್ನೊಂದು ದಿನ ಹಿಡೀತು. ಅಷ್ಟು ದಿನ ಆ ಅಕ್ಕ ದಿನಾ ಸಂಜೆ ಬಂದು "ಬಂತೇನ್ರಿ?" ಅಂತ ಕೇಳಿ ಹೋಗ್ತಿದ್ರಂತೆ. ಅದನ್ನ ಕಾಕಾ ನಮಗೆ ಬೈಯದೆ ಹೇಳಿದ್ರು. ಬೈದಿದ್ರೇ ಚೆನ್ನಾಗಿತ್ತು.

ಆ ಮೌಸನ್ನು ವಾಪಸ್ ತರಿಸಿಕೊಂಡು ಬಿಚ್ಚಿದೆವು. ಸ್ಕ್ರೂ ಎಲ್ಲೂ ಕಾಣ್ತಿರಲಿಲ್ಲ. ತಳದಲ್ಲಿ ಜಾರೋಕೆ ಅಂತ ಅಂಟಿಸಿರೋ ನುಣುಪು ಪಟ್ಟಿ ಕಿತ್ತರೆ ಅದರ ಕೆಳಗೆ ಇರ್ತವೆ. ಒಳಗೆ ನೋಡಿದ್ರೆ ಇಷ್ಟೇ: ಬಟನ್‌ಗಳ ಕೆಳಗೆ ಸಣ್ಣ ಸ್ವಿಚ್, ಒಂದು ರೇಡಿಯೋ ಚಿಪ್, ಒಂದು ಸೆನ್ಸರ್, ಒಂದು ಬ್ಯಾಟರಿ. ಬಾಕ್ಸ್ ಮೇಲೆ ದೊಡ್ಡದಾಗಿ ಬರೆದಿದ್ದ 3200 ಡಿಪಿಐ ಸೆನ್ಸರ್‌ಗೆ ಸಂಬಂಧಪಟ್ಟಿದ್ದು, ಮತ್ತು ಆ ಸೆನ್ಸರ್ ಇನ್ನೂ ಗಟ್ಟಿಮುಟ್ಟಾಗಿ ಕೆಲಸ ಮಾಡ್ತಿತ್ತು. ಸತ್ತಿದ್ದು ಸ್ವಿಚ್. ಅದರ ಬಗ್ಗೆ ಬಾಕ್ಸ್ ಮೇಲೆ ಒಂದಕ್ಷರ ಇರಲಿಲ್ಲ.

ಡಿಜಿಟಲ್ ಲ್ಯಾಬ್‌ನಲ್ಲಿ ಎಸ್‌ಆರ್ ಲ್ಯಾಚ್ ಹಾಕಿ ಸ್ವಿಚ್ಚನ್ನು ಡಿಬೌನ್ಸ್ ಮಾಡಿದ್ದು ನೆನಪಿದ್ಯಾ? ನಾವಂತೂ ರೆಕಾರ್ಡ್ ಬರೆದು ಮರೆತಿದ್ವಿ. ಮೌಸ್ ಬಟನ್ ಕೆಳಗಿರೋದು ಮೈಕ್ರೋ ಸ್ವಿಚ್. ಅದರೊಳಗೆ ತೆಳು ತಾಮ್ರದ ಮಿಶ್ರಲೋಹದ ಒಂದು ಎಲೆ, ಸ್ಪ್ರಿಂಗ್ ಥರ ಬಾಗಿ ನಿಂತಿರುತ್ತೆ. ನೀವು ಒತ್ತಿದಾಗ ಅದು ಟಕ್ ಅಂತ ಜಿಗಿದು ಇನ್ನೊಂದು ಕಾಂಟ್ಯಾಕ್ಟಿಗೆ ತಾಗುತ್ತೆ. ಲೋಹ ಲೋಹಕ್ಕೆ ಬಡಿದಾಗ ಒಂದೇ ಸಲಕ್ಕೆ ಕೂತುಬಿಡಲ್ಲ, ನೆಲಕ್ಕೆ ಬಿದ್ದ ಗೋಲಿ ಥರ ಕೆಲವು ಸಲ ಪುಟಿಯುತ್ತೆ. ಇದೇ ಬೌನ್ಸ್. ಹೊಸ ಸ್ವಿಚ್‌ನಲ್ಲಿ ಈ ಪುಟಿತ ಕೆಲವೇ ಮಿಲಿಸೆಕೆಂಡು. ಮೌಸಿನ ಫರ್ಮ್‌ವೇರ್ ಆ ಹೊತ್ತು ಕಣ್ಣುಮುಚ್ಚಿಕೊಂಡಿದ್ದು, ಆಮೇಲೆ 'ಒಂದು ಕ್ಲಿಕ್' ಅಂತ ಕಂಪ್ಯೂಟರಿಗೆ ಹೇಳುತ್ತೆ.

ಎಲೆ ಸವೆದ ಮೇಲೆ, ಅಥವಾ ಕಾಂಟ್ಯಾಕ್ಟ್ ಮೇಲೆ ಆಕ್ಸೈಡ್ ಪದರ ಕೂತ ಮೇಲೆ, ಬಟನ್ ಒತ್ತಿ ಹಿಡಿದಿರುವಾಗಲೇ ಸಂಪರ್ಕ ಕ್ಷಣಕಾಲ ತಪ್ಪಿ ಮತ್ತೆ ಕೂಡುತ್ತೆ. ಲ್ಯಾಬ್‌ನ ಆಸಿಲೋಸ್ಕೋಪ್‌ಗೆ ಹಾಕಿ ನೋಡಿದಾಗ ನಮ್ಮ ಸ್ವಿಚ್ ಒಂದು ಒತ್ತಿಗೆ ಸುಮಾರು 40 ಮಿಲಿಸೆಕೆಂಡ್ ಬಿಟ್ಟು ಎರಡನೇ ಸಲ ಕೂಡ್ತಿತ್ತು. ಫರ್ಮ್‌ವೇರ್‌ನ ಕಣ್ಣುಮುಚ್ಚಾಲೆ ಅಷ್ಟೊತ್ತಿಗೆ ಮುಗಿದಿರುತ್ತೆ. ವಿಂಡೋಸ್ ಸಾಮಾನ್ಯವಾಗಿ 500 ಮಿಲಿಸೆಕೆಂಡ್ ಒಳಗೆ ಬಂದ ಎರಡು ಕ್ಲಿಕ್ಕನ್ನು ಡಬಲ್ ಕ್ಲಿಕ್ ಅಂತಲೇ ಲೆಕ್ಕ ಹಾಕೋದು. ಸೆಟ್ಟಿಂಗ್ಸ್‌ಗೆ ಹೋಗಿ ಡಬಲ್ ಕ್ಲಿಕ್ ಸ್ಪೀಡ್ ಬದಲಾಯಿಸಿದ್ರೆ ಸರಿಹೋಗುತ್ತೆ ಅಂತ ಕೆಲವರು ಹೇಳ್ತಾರೆ. ಹೋಗಲ್ಲ. ಫೋಲ್ಡರ್ ತಾನಾಗೇ ತೆರೆಯೋದು ನಿಲ್ಲಬಹುದು, ಆದ್ರೆ ವೆಬ್‌ಪೇಜಿನ ಬಟನ್‌ಗೆ ಎರಡು ಕ್ಲಿಕ್ ಹೋಗೇ ಹೋಗುತ್ತೆ. 'ಪೇ' ಬಟನ್‌ಗೂ ಅಷ್ಟೇ.

ಇಲ್ಲಿ ನಮಗೆ ಒಂದು ಪ್ರಶ್ನೆ ಬಂತು. ಸ್ವಿಚ್ ಮಾಡೋ ಕಂಪನಿಗಳು 1 ಕೋಟಿ ಕ್ಲಿಕ್, 2 ಕೋಟಿ ಕ್ಲಿಕ್ ಅಂತ ರೇಟಿಂಗ್ ಕೊಡ್ತಾರೆ. ಜಪಾನಿನ ಆಮ್ರಾನ್ ಕಂಪನಿಯ ಮೌಸ್ ಸ್ವಿಚ್‌ಗಳು ಇದಕ್ಕೆ ಹೆಸರುವಾಸಿ. ಕಾಕಾ ದಿನಕ್ಕೆ 3000 ಕ್ಲಿಕ್ ಮಾಡ್ತಾರೆ ಅಂತ ಇಟ್ಕೊಳ್ಳಿ. 1 ಕೋಟಿ ಮುಗಿಯೋಕೆ 3333 ದಿನ ಬೇಕು, ಅಂದ್ರೆ ಒಂಬತ್ತು ವರ್ಷ. ಮತ್ತೆ ನಮ್ಮದು ನಾಲ್ಕು ತಿಂಗಳಿಗೆ ಹೇಗೆ ಹೋಯ್ತು? ಮೊದಲನೇ ಕಾರಣ ಸುಲಭ: ನಮ್ಮ ಮೌಸಿನ ಸ್ವಿಚ್ ಮೇಲೆ ಯಾವ ಕಂಪನಿ ಹೆಸರೂ ಇರಲಿಲ್ಲ, ಅದಕ್ಕೆ ರೇಟಿಂಗ್ ಅನ್ನೋದೇ ಇಲ್ಲ. ಎರಡನೇ ಕಾರಣ ಸ್ವಲ್ಪ ಸ್ವಾರಸ್ಯ. ರೇಟಿಂಗ್ ಇರೋ ಸ್ವಿಚ್‌ನಲ್ಲೂ ಆ ಲೆಕ್ಕ ಮುಖ್ಯವಾಗಿ ಎಲೆ ಮುರಿಯದೆ ಎಷ್ಟು ಸಲ ಬಾಗುತ್ತೆ ಅನ್ನೋದು. ಕಾಂಟ್ಯಾಕ್ಟ್ ಶುಭ್ರವಾಗಿ ಇರುತ್ತಾ ಅನ್ನೋದು ಬೇರೆ ಮಾತು. ಸ್ವಲ್ಪ ಜೋರಾದ ಕರೆಂಟ್ ಹರಿದ್ರೆ ತೆಳು ಆಕ್ಸೈಡ್ ಪದರ ಒಡೆದು ಹೋಗುತ್ತೆ. ಇದಕ್ಕೆ ಬೇಕಾದ ಕನಿಷ್ಠ ಕರೆಂಟಿಗೆ ವೆಟ್ಟಿಂಗ್ ಕರೆಂಟ್ ಅಂತಾರೆ. ವೈರ್‌ಲೆಸ್ ಮೌಸು ಬ್ಯಾಟರಿ ಉಳಿಸೋಕೆ ಹೋಗಿ ಸ್ವಿಚ್‌ನಲ್ಲಿ ತೀರಾ ಕಡಿಮೆ ಕರೆಂಟ್ ಹರಿಸುತ್ತೆ. ಪದರ ಒಡೆಯಲ್ಲ, ಕೂತಲ್ಲೇ ಬೆಳೆಯುತ್ತೆ. ಅದರ ಜೊತೆ ಧೂಳು. ಕಾಕಾ ಅಂಗಡಿ ಆಸುಪಾಸಿನಲ್ಲಿ ಮಗ್ಗಗಳು, ಗಾಳಿಯಲ್ಲಿ ನೂಲಿನ ಜುಂಗು ಹಾರಾಡ್ತಿರುತ್ತೆ. ಮೌಸ್ ಬಿಚ್ಚಿದಾಗ ಸ್ಕ್ರೋಲ್ ಚಕ್ರದ ಅಚ್ಚಿಗೆ ಅದು ಬತ್ತಿ ಥರ ಸುತ್ತಿಕೊಂಡಿತ್ತು.

ಕಾಂಟ್ಯಾಕ್ಟೇ ಇಲ್ಲದ ಆಪ್ಟಿಕಲ್ ಸ್ವಿಚ್ ಇರೋ ಮೌಸ್‌ಗಳೂ ಇವೆ. ಅವು ಹೆಚ್ಚಾಗಿ ಗೇಮಿಂಗ್ ಮೌಸ್‌ಗಳಲ್ಲಿ ಬರ್ತವೆ, ಬೆಲೆ ನಮ್ಮ ಕೈಗೆ ಎಟುಕೋದಲ್ಲ. ಹಾಗಾಗಿ ಅಂಗಡಿಯಲ್ಲಿ ಮಾಡಬಹುದಾದದ್ದು ಹೇಳ್ತೀವಿ. ಮೌಸ್ ಪೆಟ್ಟಿಗೆ ತೆಗೆಸಿ ಯಾವುದಾದ್ರೂ ಕಂಪ್ಯೂಟರಿಗೆ ಹಾಕಿಸಿ. ಒಂದು ಐಕಾನ್ ಹಿಡಿದು ಪರದೆ ತುಂಬಾ ನಿಧಾನವಾಗಿ ಎಳೆದಾಡಿ. ನಡುವೆ ಕೈಬಿಟ್ಟು ಬಿದ್ರೆ ಆ ಮೌಸ್ ಬೇಡ. ಬಟನ್‌ನ ತುದಿ, ನಡು, ಹಿಂದೆ, ಮೂರೂ ಕಡೆ ಒತ್ತಿ. ಸದ್ದು, ಬಿಗಿ ಒಂದೇ ಥರ ಇರಬೇಕು. ಎಡ ಬಟನ್ನು ಅಕ್ಕಪಕ್ಕ ಅಲ್ಲಾಡಬಾರದು. ಅಂಗಡಿಯವರು ಮುಖ ಸಿಂಡರಿಸಿದ್ರೂ ಪರವಾಗಿಲ್ಲ, ಐದು ನಿಮಿಷದ ಕೆಲಸ. ನಾಲ್ಕು ತಿಂಗಳ ನಂತರದ್ದು ಇದರಿಂದ ಗೊತ್ತಾಗಲ್ಲ ಅನ್ನೋದು ನಿಜ. ಅದಕ್ಕೇ ವಾರಂಟಿ ನೋಡಬೇಕು, ಅದನ್ನ ಆಮೇಲೆ ಹೇಳ್ತೀವಿ.

ಈಗ ರೇಡಿಯೋ. ಕಾಕಾ ಇನ್ನೊಂದು ದೂರು ಹೇಳಿದ್ರು: ಮೊದಲ ವಾರದಿಂದಲೇ ಕರ್ಸರ್ ನಡುನಡುವೆ ನಿಂತು ಜಿಗೀತಿತ್ತಂತೆ. ಇದಕ್ಕೂ ಮೌಸನ್ನೇ ಬೈದೆವು, ಆದ್ರೆ ಇದು ಮೌಸಿನ ತಪ್ಪಾಗಿರಲಿಲ್ಲ. ಈ ಮೌಸ್‌ಗಳು 2.4 ಗಿಗಾಹರ್ಟ್ಸ್ ಬ್ಯಾಂಡ್‌ನಲ್ಲಿ ಮಾತಾಡ್ತವೆ. 2005ರಿಂದ ಭಾರತದಲ್ಲಿ ಈ ಬ್ಯಾಂಡಿನಲ್ಲಿ ಕಡಿಮೆ ಶಕ್ತಿಯ ಉಪಕರಣಕ್ಕೆ ಲೈಸೆನ್ಸ್ ಬೇಕಿಲ್ಲ. ಹಾಗಾಗಿ ವೈಫೈ, ಬ್ಲೂಟೂತ್, ಪಕ್ಕದ ಮನೆ ವೈಫೈ, ಎಲ್ಲರೂ ಅಲ್ಲೇ. ಸಂತೆಯಲ್ಲಿ ನಿಂತು ಪಿಸುಮಾತಾಡಿದ ಹಾಗೆ. ಜೊತೆಗೆ ಮೌಸಿನ ಧ್ವನಿ ಬಲು ಸಣ್ಣದು, ಬ್ಯಾಟರಿ ಉಳೀಬೇಕಲ್ಲ.

ಕಾಕಾ ಡಾಂಗಲ್ಲನ್ನು ಸಿಪಿಯು ಹಿಂದೆ ಸಿಕ್ಕಿಸಿದ್ರು. ಸಿಪಿಯು ಕಬ್ಬಿಣದ ಟೇಬಲ್ ಕೆಳಗೆ. ಡಾಂಗಲ್ ಪಕ್ಕದ ನೀಲಿ ಪೋರ್ಟಿನಲ್ಲಿ ಹಾರ್ಡ್‌ಡಿಸ್ಕ್. ನೀಲಿ ಅಂದ್ರೆ ಯುಎಸ್‌ಬಿ 3.0. ಅದರಲ್ಲಿ ಸೆಕೆಂಡಿಗೆ 5 ಗಿಗಾಬಿಟ್ ವೇಗದಲ್ಲಿ ಡೇಟಾ ಓಡುವಾಗ ಹುಟ್ಟೋ ನಾಯ್ಸ್ 2.4 ಗಿಗಾಹರ್ಟ್ಸ್ ಬ್ಯಾಂಡಿನ ಮೇಲೂ ಹರಡುತ್ತೆ. ಇದನ್ನ ಇಂಟೆಲ್ ಕಂಪನಿಯೇ 2012ರಲ್ಲಿ ಅಳತೆ ಮಾಡಿ ಪ್ರಕಟಿಸಿದೆ. ಹತ್ತಿರದಲ್ಲಿ ನಾಯ್ಸ್ ಸುಮಾರು 20 ಡೆಸಿಬಲ್ ಏರುತ್ತೆ. ಅಂದ್ರೆ ಪವರ್‌ನಲ್ಲಿ ನೂರು ಪಟ್ಟು. ಮೂರನೇ ಸೆಮ್‌ನಲ್ಲಿ ಡೆಸಿಬಲ್ ಯಾಕೆ ಓದ್ತೀವಿ ಅಂತ ಕೇಳ್ತಿದ್ವಲ್ಲ, ಕಾಕಾ ಟೇಬಲ್ ಕೆಳಗೆ ಉತ್ತರ ಸಿಕ್ತು. ಒಂದು ಚಿಕ್ಕ ಯುಎಸ್‌ಬಿ ಎಕ್ಸ್‌ಟೆನ್ಷನ್ ಕೇಬಲ್ ಹಾಕಿ ಡಾಂಗಲ್ಲನ್ನು ಟೇಬಲ್ ಮೇಲೆ, ಮೌಸಿಗೆ ಕಾಣೋ ಹಾಗೆ ತಂದು ಅಂಟಿಸಿದ್ರೆ ಜಿಗಿತ ನಿಲ್ಲುತ್ತೆ. ಹಾಸ್ಟೆಲ್‌ನಲ್ಲಿ ಲ್ಯಾಪ್‌ಟಾಪಿಗೆ ಪೆನ್‌ಡ್ರೈವ್ ಹಾಕಿದಾಗ ಮಾತ್ರ ನಿಮ್ಮ ಮೌಸ್ ತೊದಲಿದ್ರೆ, ಮೌಸ್ ಬದಲಾಯಿಸೋ ಮುಂಚೆ ಡಾಂಗಲ್ಲನ್ನು ಇನ್ನೊಂದು ಬದಿಯ ಪೋರ್ಟಿಗೆ ಹಾಕಿ ನೋಡಿ.

ಡಾಂಗಲ್ ಬೇಕಾ, ಬ್ಲೂಟೂತ್ ಬೇಕಾ? ಲ್ಯಾಪ್‌ಟಾಪ್ ಇರೋ ನಮಗೆ ಬ್ಲೂಟೂತ್ ಸಾಕು, ಪೋರ್ಟೂ ಉಳಿಯುತ್ತೆ. ಕಾಕಾ ಬಳಿ ಇರೋ ಹಳೇ ಡೆಸ್ಕ್‌ಟಾಪಿನಲ್ಲಿ ಬ್ಲೂಟೂತೇ ಇಲ್ಲ, ಹಾಗಾಗಿ ಡಾಂಗಲ್. ಡಾಂಗಲ್ ತಗೊಂಡ್ರೆ ಒಂದು ಮಾತು ಕೇಳಿಕೊಳ್ಳಿ: ಅದು ಕಳೆದುಹೋದ್ರೆ ಬೇರೆ ಸಿಗುತ್ತಾ? ಬಹಳಷ್ಟು ಅಗ್ಗದ ಮೌಸ್‌ಗಳಲ್ಲಿ ಮೌಸು, ಡಾಂಗಲ್ಲು ಫ್ಯಾಕ್ಟರಿಯಲ್ಲೇ ಗಂಟು ಹಾಕಿರ್ತಾರೆ. ಉಗುರಿನಷ್ಟು ದೊಡ್ಡ ವಸ್ತು ಕಳೆದ್ರೆ ಇಡೀ ಮೌಸ್ ಕಸ. ಲಾಜಿಟೆಕ್ ಕಂಪನಿಯ ಯೂನಿಫೈಯಿಂಗ್ (2009), ಬೋಲ್ಟ್ (2021) ಥರದ ರಿಸೀವರ್‌ಗಳಲ್ಲಿ ಬೇರೆ ರಿಸೀವರ್ ಕೊಂಡು ಮತ್ತೆ ಜೋಡಿಸಬಹುದು. ಆದ್ರೆ ಅವರದ್ದೇ ಎಲ್ಲಾ ಮಾಡೆಲ್‌ಗೂ ಈ ಸೌಲಭ್ಯ ಇಲ್ಲ, ಬಾಕ್ಸ್ ಮೇಲಿನ ಗುರುತು ನೋಡಬೇಕು.

ಇನ್ನೊಂದು ವಿಷಯ ಓದಿ ನಮಗೆ ಸ್ವಲ್ಪ ಭಯ ಆಯ್ತು. 2016ರಲ್ಲಿ ಬ್ಯಾಸ್ಟಿಲ್ ಅನ್ನೋ ಕಂಪನಿಯ ಸಂಶೋಧಕರು ಮೌಸ್‌ಜ್ಯಾಕ್ ಅನ್ನೋ ದೋಷ ತೋರಿಸಿದ್ರು. ಹಲವು ದೊಡ್ಡ ಕಂಪನಿಗಳ ಮೌಸ್‌ಗಳು ಡಾಂಗಲ್ ಜೊತೆ ಎನ್‌ಕ್ರಿಪ್ಷನ್ ಇಲ್ಲದೆ ಮಾತಾಡ್ತಿದ್ವು. ಅದನ್ನ ಬಳಸಿಕೊಂಡು ನೂರು ಮೀಟರ್ ದೂರದಿಂದಲೂ ಆ ಡಾಂಗಲ್ ಮೂಲಕ ಕಂಪ್ಯೂಟರಿಗೆ ಕೀ ಒತ್ತಿದ ಹಾಗೆ ಮಾಡಬಹುದಿತ್ತು. ಜನರ ಆಧಾರ್ ನಂಬರ್ ಟೈಪ್ ಮಾಡೋ ಜಾಗದಲ್ಲಿ ಇದು ಸಣ್ಣ ಮಾತಲ್ಲ. ಹೆಸರಿರೋ ಕೆಲವು ಕಂಪನಿಗಳು ಆಮೇಲೆ ಫರ್ಮ್‌ವೇರ್ ತಿದ್ದಿ ಕೊಟ್ಟವು. ಹೆಸರೇ ಇಲ್ಲದ 299 ರೂಪಾಯಿ ಮೌಸಿಗೆ ಯಾರು ಅಪ್‌ಡೇಟ್ ಕೊಡ್ತಾರೆ?

ಬ್ಯಾಟರಿ ವಿಷಯದಲ್ಲಿ ನಮ್ಮ ಮೂವರಿಗೂ ಜಗಳ ಆಯ್ತು. ಇಬ್ಬರು ಚಾರ್ಜಿಂಗ್ ಪಕ್ಷ, ಒಬ್ಬ ಸೆಲ್ ಪಕ್ಷ. ಮಲ್ಟಿಮೀಟರ್ ತಂದು ಅಳೆದೆವು. ನಮ್ಮ ಏಳು ಬಣ್ಣದ ಮೌಸ್ ಲೈಟು ಉರಿಯುವಾಗ ಹತ್ತಿರಹತ್ತಿರ 20 ಮಿಲಿಆಂಪಿಯರ್ ಎಳೀತಿತ್ತು. ಒಳಗಿನ ಲಿಥಿಯಂ ಬ್ಯಾಟರಿ 500 ಮಿಲಿಆಂಪಿಯರ್-ಅವರ್. ಭಾಗಿಸಿ: 25 ಗಂಟೆ. ಅಂದ್ರೆ ಕಾಕಾಗೆ ಎರಡು-ಮೂರು ದಿನ. ಲೈಟಿಲ್ಲದ, ನಮ್ಮಲ್ಲೊಬ್ಬನ ಹಳೇ ಮೌಸ್ ಓಡಾಡುವಾಗ 5 ಮಿಲಿಆಂಪಿಯರ್ ಆಸುಪಾಸು. ಒಂದು ಒಳ್ಳೆ ಆಲ್ಕಲೈನ್ ಪೆನ್ಸಿಲ್ ಸೆಲ್‌ನಲ್ಲಿ 2000 ಅಂತ ಹಿಡಿದ್ರೂ 400 ಗಂಟೆ, ಸುಮ್ಮನಿದ್ದಾಗ ಅದು ನಿದ್ದೆಗೆ ಹೋಗೋದ್ರಿಂದ ಇನ್ನೂ ಹೆಚ್ಚು. ಕಂಪನಿಗಳು 12 ತಿಂಗಳು ಅಂತ ಬರೆಯೋದು ಈ ನಿದ್ದೆಯ ಲೆಕ್ಕದಲ್ಲಿ.

ಜಗಳ ಮುಗಿಸಿದ್ದು ಮಾತ್ರ ಗಣಿತ ಅಲ್ಲ, ಕಾಕಾ. "ಚಾರ್ಜ್ ಮುಗೀತಂದ್ರ ಗಿರಾಕಿ ನಿಂತಿರ್ತಾರ. ಕರೆಂಟ್ ಇರಂಗಿಲ್ಲ. ಸೆಲ್ ಆದ್ರ ಎದುರಿನ ಕಿರಾಣಿ ಅಂಗಡ್ಯಾಗ ಸಿಗತೈತಿ." ಅದಲ್ಲದೆ ಒಳಗೇ ಕೂಡಿಸಿದ ಲಿಥಿಯಂ ಬ್ಯಾಟರಿ ಕೆಲವು ವರ್ಷಕ್ಕೆ ಸೊರಗುತ್ತೆ, ಆ ಅಳತೆಯದ್ದೇ ಬೇರೆ ಹುಡುಕೋದು ಕಷ್ಟ. ಸೆಲ್ ಮೌಸಿಗೂ ಒಂದು ಶತ್ರು ಇದೆ: ಸೋರಿಕೆ. ಆಲ್ಕಲೈನ್ ಸೆಲ್ ಒಳಗಿರೋದು ಪೊಟ್ಯಾಸಿಯಂ ಹೈಡ್ರಾಕ್ಸೈಡ್. ಖಾಲಿ ಸೆಲ್ಲನ್ನು ತಿಂಗಳುಗಟ್ಟಲೆ ಒಳಗೇ ಬಿಟ್ರೆ ಅದು ಹೊರಬಂದು ಸ್ಪ್ರಿಂಗನ್ನು ತಿಂದುಹಾಕುತ್ತೆ. ಸೆಮಿಸ್ಟರ್ ರಜೆಗೆ ಊರಿಗೆ ಹೋಗುವಾಗ ಸೆಲ್ ಹೊರಗೆ ತೆಗೆದಿಡಿ. ಗೋಡೆ ಗಡಿಯಾರಕ್ಕೆ ಹಾಕೋ ಅಗ್ಗದ ಝಿಂಕ್-ಕಾರ್ಬನ್ ಸೆಲ್ ಮೌಸಿಗೆ ಬೇಡ.

ಸೆನ್ಸರ್ ಬಗ್ಗೆ ಹೆಚ್ಚೇನೂ ಹೇಳೋದಿಲ್ಲ, ಯಾಕಂದ್ರೆ ಇವತ್ತು ಅದು ಅಷ್ಟು ಬೇಗ ಕೆಡೋ ಭಾಗವಲ್ಲ. ಡಗ್ಲಸ್ ಎಂಗೆಲ್‌ಬಾರ್ಟ್ 1968ರಲ್ಲಿ ಜಗತ್ತಿಗೆ ತೋರಿಸಿದ ಮೌಸ್ ಡಬ್ಬಿಯಲ್ಲಿ ಚಕ್ರ ಇಟ್ಟು ಮಾಡಿದ್ದು. ಈಗಿನದ್ದು ಕ್ಯಾಮೆರಾ. ಕೆಳಗಿನ ಮೇಲ್ಮೈಯನ್ನು ಸೆಕೆಂಡಿಗೆ ಸಾವಿರಾರು ಸಲ ಚಿಕ್ಕ ಚಿಕ್ಕ ಚಿತ್ರ ತೆಗೆದು, ಒಂದಕ್ಕೊಂದು ಹೋಲಿಸಿ ಎಷ್ಟು ಸರಿದಿದೆ ಅಂತ ಲೆಕ್ಕ ಹಾಕುತ್ತೆ. ಹಾಗಾಗಿ ಕೆಳಗೆ ಏನಾದ್ರೂ ನೆಯ್ಗೆ, ಕಲೆ, ಒರಟು ಇರಬೇಕು. ಕಾಕಾ ಟೇಬಲ್ ಮೇಲೆ ಗಾಜು, ಅದರಡಿ ದೇವರ ಫೋಟೋ, ಬಸ್ ಟೈಮಿಂಗ್. ಗಾಜಿನ ಮೇಲೆ ಮೌಸ್ ಕುರುಡ. ಕಾಕಿ ಒಂದು ಕಾಟನ್ ಸೀರೆಯ ತುಂಡನ್ನು ಮಡಚಿ ಹಾಸಿದ್ರು; ನಾವು ಕ್ಯಾಂಪಸ್‌ನಲ್ಲಿ ದುಡ್ಡು ಕೊಟ್ಟು ತಂದ ಪ್ಯಾಡ್‌ಗಿಂತ ಚೆನ್ನಾಗಿ ಓಡ್ತು. ಹೊಳೆಯೋ ಜರಿ ಅಂಚಿನ ಮೇಲೆ ಹೋದಾಗ ಮಾತ್ರ ಕರ್ಸರ್ ತಡವರಿಸ್ತಿತ್ತು. ಡಿಪಿಐ ಅಂದ್ರೆ ಮೌಸ್ ಒಂದು ಇಂಚು ಸರಿದ್ರೆ ಕರ್ಸರ್ ಎಷ್ಟು ಪಿಕ್ಸೆಲ್ ಓಡುತ್ತೆ ಅನ್ನೋದು. 1920 ಪಿಕ್ಸೆಲ್ ಅಗಲದ ಪರದೆಗೆ 1000 ಡಿಪಿಐ ಇದ್ರೆ ಎರಡು ಇಂಚಿನೊಳಗೆ ಆ ತುದಿ ಮುಟ್ಟಬಹುದು. 3200 ಇಟ್ಟಾಗ ಕಾಕಾಗೆ ಚೆಕ್‌ಬಾಕ್ಸ್ ಮೇಲೆ ನಿಲ್ಲಿಸೋದೇ ಕಷ್ಟ ಆಗಿತ್ತು. ನಾವು ಹೆಚ್ಚು ದುಡ್ಡಿಗೆ ಬೆಲೆ ಸಿಕ್ತು ಅಂದುಕೊಂಡಿದ್ದು ಆ ನಂಬರಿಗೇ.

ವಾರಂಟಿಗೆ ಬರೋಣ. ಕೆಲವು ಕಂಪನಿಗಳು 1 ವರ್ಷ ಕೊಡ್ತಾರೆ, ಕೆಲವು 3 ವರ್ಷ. 300ಕ್ಕೆ ವಾರಂಟಿ ಇಲ್ಲದ್ದು ವರ್ಷಕ್ಕೆರಡು ಕೊಳ್ಳೋದಾ, 600-700ಕ್ಕೆ 3 ವರ್ಷದ್ದು ಒಂದು ಕೊಳ್ಳೋದಾ, ಲೆಕ್ಕ ನೀವೇ ಮಾಡಿ. ಬಾಕ್ಸ್ ಮೇಲೆ ತಯಾರಕರ ಅಥವಾ ಆಮದು ಮಾಡಿದವರ ಹೆಸರು-ವಿಳಾಸ, ಎಂಆರ್‌ಪಿ, ಯಾವ ದೇಶದ್ದು, ದೂರು ಕೊಡೋ ನಂಬರ್ ಇರಲೇಬೇಕು ಅಂತ 2011ರ ಪ್ಯಾಕೇಜ್ ನಿಯಮ ಹೇಳುತ್ತೆ. ಇವು ಇಲ್ಲದ ಬಾಕ್ಸಿಗೆ ವಾರಂಟಿ ಕಾರ್ಡ್ ಇದ್ರೂ ಅಷ್ಟೇ. ಬಿಲ್ ಕೇಳಿ, ಅದರ ಫೋಟೋ ತೆಗೆದಿಡಿ; ಥರ್ಮಲ್ ಪೇಪರ್ ಬಿಲ್ ಮೂರು ವರ್ಷದೊಳಗೆ ಬಿಳಿ ಹಾಳೆ ಆಗಿರುತ್ತೆ. ಬದಲಿ ಮೌಸ್ ಎಲ್ಲಿ ಸಿಗುತ್ತೆ ಅಂತಾನೂ ಕೇಳಿ. ಶಿಗ್ಲಿಯವರಿಗೆ ಅದು ಹುಬ್ಬಳ್ಳಿಯಲ್ಲಿ ಆದ್ರೆ ಒಂದು ದಿನದ ಕೆಲಸ, ಬೆಂಗಳೂರಿಗೆ ಕೊರಿಯರ್ ಅಂದ್ರೆ ಮೌಸಿನ ಅರ್ಧ ಬೆಲೆ ಅದಕ್ಕೇ ಹೋಗುತ್ತೆ. ಬಿಲ್ ಇದ್ದೂ ಆಡಿಸಿದ್ರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915.

ಕೊನೆಗೆ ಕಾಕಾಗೆ ಕೊಂಡದ್ದು ಲೈಟಿಲ್ಲದ, ಕಪ್ಪು ಬಣ್ಣದ, ಒಂದು ಪೆನ್ಸಿಲ್ ಸೆಲ್‌ನ, 1000 ಡಿಪಿಐ ಮೌಸ್. 3 ವರ್ಷ ವಾರಂಟಿ. ಲಕ್ಷ್ಮೇಶ್ವರದ ಅಂಗಡಿಯಲ್ಲಿ ಐಕಾನ್ ಎಳೆದಾಡಿ, ಬಟನ್ ಮೂರೂ ಕಡೆ ಒತ್ತಿ ನೋಡಿಯೇ ತಗೊಂಡ್ವಿ. ಕಾಕಾ ಅದನ್ನ ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ, "ಇದು ಚಂದ ಐತಿ, ಆದ್ರ ರೊಕ್ಕ ಕಟ್ಟೂದು ಮಾತ್ರ ಇದರ ಮ್ಯಾಲೆ ಬ್ಯಾಡ" ಅಂದ್ರು. ಈಗ ಗಿರಾಕಿಗೆ ಹೆಸರು ತೋರಿಸೋಕೆ ವೈರ್‌ಲೆಸ್, 'ಪೇ' ಬಟನ್ ಒತ್ತೋಕೆ ಪಕ್ಕದಲ್ಲಿ ಒಂದು ವೈರ್ ಮೌಸ್. ಒಂದೇ ಕಂಪ್ಯೂಟರಿಗೆ ಎರಡು. ವೈರ್ ಮೌಸಿನಲ್ಲೂ ಅದೇ ಥರದ ಸ್ವಿಚ್ ಇರುತ್ತೆ, ಅದೂ ಒಂದಿನ ಎರಡು ಸಲ ಹೊಡೀಬಹುದು ಅಂತ ಹೇಳಿದ್ವಿ. "ಹೊಡೀಲಿ, ವೈರ್ ಹಿಡದ ಎಳಿಯಾಕರ ಬರತೈತಲ್ಲ" ಅಂದ್ರು.

ಆ ಏಳು ಬಣ್ಣದ ಮೌಸ್ ಈಗ ನಮ್ಮ ರೂಮಿನಲ್ಲಿದೆ. ಹೊಸ ಆಮ್ರಾನ್ ಸ್ವಿಚ್ ತರಿಸಿದ್ದೇವೆ. ಹಳೇದರ ಮೂರು ಕಾಲಿನಲ್ಲಿ ಎರಡರ ಸಾಲ್ಡರ್ ಬಿಟ್ಟಿದೆ, ಮೂರನೇದು ಬಿಡ್ತಿಲ್ಲ. ಲ್ಯಾಬ್‌ನಲ್ಲಿ ಯಾರ ಬಳಿಯಾದ್ರೂ ಒಳ್ಳೆ ಡಿಸಾಲ್ಡರಿಂಗ್ ಪಂಪ್ ಇದ್ರೆ ಒಂದು ಸಂಜೆಗೆ ಕೊಡಿ.